ಬಾಳೆಹಣ್ಣಿನ ಪ್ರೋಟೀನು, ಮನುಷ್ಯನ ರೋಗ
(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಬಾಳೆಹಣ್ಣಿನಲ್ಲಿರುವ ಒಂದು ಪ್ರೋಟೀನು ಏಡ್ಸ್ ವೈರಸ್ಸನ್ನು ತಡೆಯುತ್ತದೆ ಎಂಬ ಸುದ್ದಿ ನಿಮ್ಮಲ್ಲಿ ಕೆಲವರ ಫೋನಿಗಾದರೂ ಬಂದಿರಬಹುದು. ಕೆಂಪು ಬಾಳೆ ಬೆಳೆಯುವ ಕಮಲಾಪುರದ ರೈತರ ಫೋನಿಗೆ ಆ ಬಾಳೆಯ ಚಿತ್ರವನ್ನೂ ಅಂಟಿಸಿಕೊಂಡು ಬಂದಿದ್ದರೆ ಆಶ್ಚರ್ಯವಿಲ್ಲ. ಸುದ್ದಿ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಅಳಿಸಿಹಾಕಿ ಸುಮ್ಮನಿರಬಹುದಿತ್ತು. ಅದರಲ್ಲಿ ನಿಜ ಎಷ್ಟು, ಆ ನಿಜ ಯಾರಿಗೆ ಹೇಗೆ ಗೊತ್ತಾಯಿತು, ಹಣ್ಣಿಗೂ ಔಷಧಕ್ಕೂ ನಡುವೆ ದೂರ ಎಷ್ಟು ಎಂಬುದೇ ಇವತ್ತಿನ ಮಾತು. ಆ ದೂರವನ್ನು ಅಳೆಯುವ ವಿದ್ಯೆಯೊಂದಿದೆ. ಪ್ರೋಟೀನಿನ ಆಕಾರವನ್ನು ಓದುವ ವಿದ್ಯೆ. ಅದರಲ್ಲಿ ನಮ್ಮ ನಾಡಿನವರ ಪಾಲು ಸಣ್ಣದಲ್ಲ.

ಪ್ರೋಟೀನು ಎಂದರೆ ನಮ್ಮ ಭಾಗದಲ್ಲಿ ಮೊದಲು ನೆನಪಿಗೆ ಬರುವುದು ತೊಗರಿ. ಬಾಣಂತಿಗೆ, ಕ್ಷಯ ರೋಗಿಗೆ, ಬೆಳೆಯುವ ಮಗುವಿಗೆ ಬೇಳೆ ಕೊಡಿ ಎನ್ನುತ್ತಾರೆ ಡಾಕ್ಟರು. ಸರಿಯಾದ ಮಾತೇ. ತೊಗರಿಯ ತೂಕದಲ್ಲಿ ಐದನೆಯ ಒಂದು ಪಾಲಿನಷ್ಟು ಪ್ರೋಟೀನಿದೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿದೆ. ಆದರೆ ತಿನ್ನುವ ಪ್ರೋಟೀನು ಈ ಕತೆಯ ಒಂದು ಕೊನೆ ಮಾತ್ರ. ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾದ ಮೇಲೆ ಆ ಆಮ್ಲಗಳಿಂದ ದೇಹ ತನ್ನವೇ ಪ್ರೋಟೀನುಗಳನ್ನು ಕಟ್ಟಿಕೊಳ್ಳುತ್ತದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಮೂಳೆ ಚರ್ಮಗಳನ್ನು ಹಿಡಿದು ನಿಲ್ಲಿಸುವ ಕೊಲಾಜೆನ್, ಜೀರ್ಣ ಮಾಡುವ ಕಿಣ್ವಗಳು, ರೋಗಾಣುವನ್ನು ಗುರುತು ಹಿಡಿಯುವ ಪ್ರತಿಕಾಯಗಳು, ಎಲ್ಲವೂ ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಒಂದರ ಬೆನ್ನಿಗೆ ಒಂದು ಸೇರಿ ಉದ್ದನೆಯ ಸರಪಳಿಯಾಗುತ್ತವೆ. ಸರಪಳಿ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಗೊತ್ತಾದ ಆಕಾರಕ್ಕೆ ಬರುತ್ತದೆ. ಆ ಆಕಾರದಲ್ಲಿರುವ ಉಬ್ಬು, ತಗ್ಗು, ಬಿರುಕುಗಳಿಂದಲೇ ಅದರ ಕೆಲಸ ನಡೆಯುತ್ತದೆ. ಆಕಾರ ಕೆಟ್ಟರೆ ಕೆಲಸ ಕೆಡುತ್ತದೆ, ಮನುಷ್ಯ ಕಾಯಿಲೆ ಬೀಳುತ್ತಾನೆ.

ಇದನ್ನು ಮೊದಲು ಎದ್ದು ಕಾಣುವಂತೆ ತೋರಿಸಿದ್ದು ಸಿಕಲ್ ಸೆಲ್ ರಕ್ತಹೀನತೆ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಅದನ್ನು ‘ಅಣುವಿನ ರೋಗ’ ಎಂದು ಕರೆದರು. ರೋಗದ ಮೂಲ ರಕ್ತದಲ್ಲೂ ಇಲ್ಲ, ಕಣದಲ್ಲೂ ಇಲ್ಲ, ಕಣದೊಳಗಿನ ಒಂದು ಪ್ರೋಟೀನಿನಲ್ಲಿದೆ ಎಂದರ್ಥ. ಏಳೆಂಟು ವರ್ಷಗಳಲ್ಲಿ ವರ್ನನ್ ಇಂಗ್ರಾಂ ಅದನ್ನು ಇನ್ನಷ್ಟು ಬಿಗಿಯಾಗಿ ತೋರಿಸಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲಿನ್ ಇದೆ. ವ್ಯತ್ಯಾಸ ಇಷ್ಟೇ.

ಇಷ್ಟರಿಂದ ಕಣ ಕುಡುಗೋಲಿನ ಆಕಾರಕ್ಕೆ ಬಾಗುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ರಚನೆ ಓದಿದ ಮೇಲೆ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಾವೇಶವಿದೆ, ಅದು ನೀರಿನ ಜೊತೆ ಹೊಂದಿಕೊಂಡಿರುತ್ತದೆ. ವ್ಯಾಲಿನ್‌ಗೆ ನೀರು ಒಗ್ಗುವುದಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟ ಗಳಿಗೆಯಲ್ಲಿ ಅದರ ಮೈ ಸ್ವಲ್ಪ ಹೊರಳಿ ಒಂದು ತಗ್ಗು ತೆರೆದುಕೊಳ್ಳುತ್ತದೆ. ಪಕ್ಕದ ಅಣುವಿನ ವ್ಯಾಲಿನ್ ಆ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಅದರ ಪಕ್ಕದ್ದು ಇನ್ನೊಂದರಲ್ಲಿ. ಹೀಗೆ ಸಾಲುಸಾಲಾಗಿ ಸೇರಿ ಗಟ್ಟಿ ಎಳೆಗಳಾಗಿ ಕಣವನ್ನೇ ಬಗ್ಗಿಸಿಬಿಡುತ್ತವೆ. ಆಮ್ಲಜನಕ ಹೊತ್ತಿದ್ದಾಗ ಆ ತಗ್ಗು ಮುಚ್ಚಿರುತ್ತದೆ. ಇಂಥ ರೋಗಿಗಳಿಗೆ ಅತಿಯಾಗಿ ದಣಿದಾಗ, ನೀರು ಕುಡಿಯದೆ ಇದ್ದಾಗ, ಎತ್ತರದ ಪ್ರದೇಶಕ್ಕೆ ಹೋದಾಗ ನೋವು ಕಾಣಿಸಿಕೊಳ್ಳುವುದಕ್ಕೆ ಈ ತಗ್ಗೇ ಕಾರಣ. ವಾರ್ಡಿನಲ್ಲಿ ‘ನೀರು ಹೆಚ್ಚು ಕುಡಿಸಿ’ ಎಂದು ಹೇಳುವ ನರ್ಸಮ್ಮನ ಮಾತಿನ ಹಿಂದೆ ಇಷ್ಟು ಸೂಕ್ಷ್ಮದ ಭೌತಶಾಸ್ತ್ರವಿದೆ.

ಇದು ಆಫ್ರಿಕಾದ ಕಾಯಿಲೆ ಎಂದು ತಿಳಿದವರಿದ್ದಾರೆ. ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು 1952ರಲ್ಲೇ ಗುರುತಿಸಿದ್ದರು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದು ಇರುವುದನ್ನು ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಳಕಿಗೆ ತಂದಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

ಇಲ್ಲೊಂದು ಎಚ್ಚರಿಕೆ. ರಚನೆ ಗೊತ್ತಾದ ಕೂಡಲೇ ಔಷಧ ಬಂದೀತು ಎಂದುಕೊಳ್ಳಬೇಡಿ. ಹಿಮೋಗ್ಲೋಬಿನ್ನಿನ ಆಕಾರವನ್ನೇ ನೋಡಿಕೊಂಡು, ಅದು ಆಮ್ಲಜನಕವನ್ನು ಬೇಗ ಬಿಡದಂತೆ ಹಿಡಿದಿಡುವ ವಾಕ್ಸೆಲೊಟಾರ್ ಎಂಬ ಮಾತ್ರೆ ಮಾಡಿದರು. 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು, ಅಪಾಯ ಲಾಭವನ್ನು ಮೀರಿತು ಎಂಬ ಕಾರಣಕ್ಕೆ. ಅಣುವಿನ ಮಟ್ಟದಲ್ಲಿ ಒಪ್ಪವಾಗಿದ್ದ ಲೆಕ್ಕ ಮನುಷ್ಯನ ಮೈಯಲ್ಲಿ ತಪ್ಪಿತು.

ಈಗ ಬೆಂಗಳೂರಿನ ಕಡೆ ಬರೋಣ. ಪ್ರೋಟೀನಿನ ಸರಪಳಿ ಹೇಗೆ ಬೇಕೋ ಹಾಗೆ ಮಡಚಲಾರದು, ಅದರ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ, ಆದ್ದರಿಂದ ಕೆಲವೇ ಕೋನಗಳಲ್ಲಿ ಮಾತ್ರ ತಿರುಗಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದವರು ಜಿ.ಎನ್. ರಾಮಚಂದ್ರನ್. 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಸೇರಿ ಅವರು ಪ್ರಕಟಿಸಿದ ನಕ್ಷೆಗೆ ಇವತ್ತಿಗೂ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ಜಗತ್ತಿನಲ್ಲಿ ಎಲ್ಲೇ ಯಾರೇ ಹೊಸ ಪ್ರೋಟೀನಿನ ರಚನೆ ಬಿಡಿಸಲಿ, ಅದನ್ನು ಈ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ಎಂ.ಎಸ್ಸಿ. ಮಕ್ಕಳು ಅದನ್ನು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಅದನ್ನು ಬರೆದವರು ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದವರು, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದವರು ಎಂಬುದನ್ನು ಹೇಳಿಕೊಡುವವರು ಕಡಿಮೆ.

ಅದಕ್ಕೂ ಮೊದಲು, 1954–55ರಲ್ಲಿ, ಮದರಾಸಿನಲ್ಲಿದ್ದಾಗ ಅವರು ಗೋಪಿನಾಥ್ ಕರ್ತಾ ಜೊತೆ ಸೇರಿ ಕೊಲಾಜೆನ್ನಿನ ರಚನೆ ಬಿಡಿಸಿದ್ದರು. ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡ ರಚನೆ ಅದು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಇರಲೇಬೇಕು. ಅಮೈನೋ ಆಮ್ಲಗಳಲ್ಲೆಲ್ಲ ಅದೇ ಚಿಕ್ಕದು. ಮೂರು ಎಳೆಗಳು ಕೂಡುವ ನಟ್ಟನಡುವೆ ಬೇರೆ ಯಾವುದಕ್ಕೂ ಜಾಗವಿಲ್ಲ. ಹುಟ್ಟುವಾಗಲೇ ಒಂದು ಗ್ಲೈಸಿನ್ ಬದಲು ದೊಡ್ಡ ಅಮೈನೋ ಆಮ್ಲ ಬಂದರೆ ಎಳೆ ಅಲ್ಲಿ ಉಬ್ಬುತ್ತದೆ, ಸುತ್ತು ಸಡಿಲವಾಗುತ್ತದೆ, ಮಗುವಿನ ಮೂಳೆ ಸಣ್ಣ ಏಟಿಗೂ ಮುರಿಯುತ್ತದೆ. ಇಂಥ ಮಗುವನ್ನು ಕಂಡು ತಾಯಿಯೇ ಸರಿಯಾಗಿ ನೋಡಿಕೊಂಡಿಲ್ಲವೆಂದು ಬಯ್ಯುವವರುಂಟು. ತಪ್ಪು ತಾಯಿಯದಲ್ಲ. ಪ್ರೋಟೀನಿನ ಒಂದು ಸ್ಥಾನದಲ್ಲಿ ಜಾಗ ಸಾಲದೆ ಹೋದದ್ದು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇನ್ನೊಂದು ಬಗೆಯ ಪ್ರೋಟೀನುಗಳ ಹತ್ತಿರ. ಅವಕ್ಕೆ ಲೆಕ್ಟಿನ್ ಎಂದು ಹೆಸರು. ನಮ್ಮ ಜೀವಕೋಶಗಳ ಮೈಮೇಲೆ, ವೈರಸ್ಸುಗಳ ಮೈಮೇಲೆ, ಸಣ್ಣ ಸಣ್ಣ ಸಕ್ಕರೆ ಸರಪಳಿಗಳು ನಿಂತಿರುತ್ತವೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಮ್ಯಾನೋಸ್, ಗ್ಯಾಲಕ್ಟೋಸ್ ಮುಂತಾದವು. ಒಂದು ಕೋಶ ಆರೋಗ್ಯವಾಗಿದೆಯೋ ಕೆಟ್ಟಿದೆಯೋ, ಯಾವ ರಕ್ತದ ಗುಂಪಿನದು ಎಂಬುದೆಲ್ಲ ಈ ಸಕ್ಕರೆಗಳಲ್ಲಿ ಬರೆದಿದೆ. ಲೆಕ್ಟಿನ್ನುಗಳು ಅದನ್ನು ಓದುತ್ತವೆ. ಒಂದೊಂದು ಲೆಕ್ಟಿನ್ ಗೊತ್ತಾದ ಕೆಲವು ಸಕ್ಕರೆಗಳನ್ನು ಮಾತ್ರ ಹಿಡಿಯುತ್ತದೆ. ಇವು ಹೆಚ್ಚಾಗಿ ಸಿಗುವುದು ಬೀಜಗಳಲ್ಲಿ, ಹಣ್ಣುಗಳಲ್ಲಿ. ಮೊದಲ ಲೆಕ್ಟಿನ್ 1888ರಲ್ಲಿ ಸಿಕ್ಕಿದ್ದು ಔಡಲ ಬೀಜದಲ್ಲಿ, ರೈಸಿನ್ ಎಂಬ ಘೋರ ವಿಷವಾಗಿ.

ಹುರುಳಿಯಿಂದ ಶುರು ಮಾಡುತ್ತೇನೆ. 1951ರಲ್ಲಿ, ಆಗ ಭಾರತದಲ್ಲಿದ್ದ ಜಿ.ಡಬ್ಲ್ಯು.ಜಿ. ಬರ್ಡ್ ಎಂಬ ವೈದ್ಯರು ಹುರುಳಿ ಕಾಳಿನ ರಸ ಮನುಷ್ಯರ ರಕ್ತಕಣಗಳನ್ನು ಗುಂಪು ನೋಡಿ ಗಂಟುಗಟ್ಟಿಸುತ್ತದೆ ಎಂದು ಬರೆದರು. ಬರೆದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ‘ಎ’ ಗುಂಪಿನಲ್ಲಿ ಎ1, ಎ2 ಎಂದು ಎರಡು ಬಗೆಯಿವೆ. ಹುರುಳಿ ಲೆಕ್ಟಿನ್ ಎ1 ಕಣಗಳನ್ನು ಮಾತ್ರ ಗಂಟುಗಟ್ಟಿಸುತ್ತದೆ. ಇವತ್ತಿಗೂ ರಕ್ತನಿಧಿಗಳಲ್ಲಿ ಎ1 ಪರೀಕ್ಷೆಗೆ ಬಳಸುವ ದ್ರವ ಅದೇ ಹುರುಳಿಯ ಲೆಕ್ಟಿನ್. ದನಗಳಿಗೂ ಬಡವರ ಸಾರಿಗೂ ಎಂದು ಮೂಲೆಗೆ ತಳ್ಳಿದ ಕಾಳು, ರಕ್ತನಿಧಿಯಲ್ಲಿ ರಕ್ತ ಗುರುತಿಸುವ ಕೆಲಸ ಮಾಡುತ್ತಿದೆ.

ಶೇಂಗಾದ ಮಾತು ಬೇರೆ. ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ಊರಿನಲ್ಲಿ ಇದನ್ನು ಸ್ವಲ್ಪ ಜಾಗ್ರತೆಯಿಂದ ಹೇಳಬೇಕು. ಶೇಂಗಾದ ಲೆಕ್ಟಿನ್ ಹಿಡಿಯುವ ಸಕ್ಕರೆಗೆ ಟಿ-ಆ್ಯಂಟಿಜೆನ್ ಎನ್ನುತ್ತಾರೆ. ಆರೋಗ್ಯವಂತ ಕೋಶದಲ್ಲಿ ಈ ಸಕ್ಕರೆ ಬೇರೆ ಸಕ್ಕರೆಗಳ ಮರೆಯಲ್ಲಿ ಅಡಗಿರುತ್ತದೆ. ಹೊಟ್ಟೆ, ಕರುಳು, ಸ್ತನ ಮೊದಲಾದ ಕಡೆಯ ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಅದು ಮೇಲೆ ಬಂದು ನಿಲ್ಲುತ್ತದೆ. ಹೀಗಾಗಿ ಕ್ಯಾನ್ಸರ್ ಕೋಶವನ್ನು ಗುರುತಿಸುವ ಸಾಧನವಾಗಿ ಶೇಂಗಾ ಲೆಕ್ಟಿನ್ ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂತು. ಅದರ ರಚನೆಯನ್ನು 1994ರಲ್ಲಿ ಬಿಡಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಅವರ ತಂಡ. ನಾಲ್ಕು ಒಂದೇ ಬಗೆಯ ತುಣುಕುಗಳು ಕೂಡಿದರೆ ಇಂಥದೇ ಸಮಮಿತಿ ಇರಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಶೇಂಗಾ ಪ್ರೋಟೀನು ಆ ನಂಬಿಕೆಯನ್ನು ಮುರಿದು ಬೇರೆಯೇ ರೀತಿ ಜೋಡಿಸಿಕೊಂಡಿತ್ತು. ಇನ್ನೊಂದು ಸಂಗತಿ: 1998ರಲ್ಲಿ ಇಂಗ್ಲೆಂಡಿನ ಸಂಶೋಧಕರು 200 ಗ್ರಾಂ ಶೇಂಗಾ ತಿಂದವರ ರಕ್ತವನ್ನು ಪರೀಕ್ಷಿಸಿದಾಗ ಲೆಕ್ಟಿನ್ ಒಡೆಯದೆ ಹಾಗೇ ಸಿಕ್ಕಿತು. ಆಕಾರ ಅಷ್ಟು ಗಟ್ಟಿ. ಇದನ್ನು ಕೇಳಿ ಯಾರೂ ಮನೆಗೆ ಹೋಗಿ ಹಿಂಡಿ ಡಬ್ಬಿ ಹೊರಗೆ ಇಡಬೇಡಿ. ರಕ್ತದಲ್ಲಿ ಕಂಡಿತು ಎಂಬುದು ಒಂದು ಮಾತು, ಕೇಡು ಮಾಡಿತು ಎಂಬುದು ಬೇರೆ ಮಾತು. ಎರಡನೆಯದನ್ನು ಆ ಪ್ರಯೋಗ ಹೇಳಿಲ್ಲ.

ಶೇಂಗಾ ಹೊಲದಲ್ಲೇ ಇನ್ನೊಂದು ಲೆಕ್ಟಿನ್ ಇದೆ, ಬೆಳೆಯಲ್ಲಲ್ಲ, ಬೆಳೆಯ ಶತ್ರುವಿನಲ್ಲಿ. ಗಿಡದ ಬುಡದಲ್ಲಿ ಬಿಳಿ ಬೂಜು ಹಬ್ಬಿ, ಕೊಳೆತು, ಆಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಬಿದ್ದಿರುವುದನ್ನು ರೈತರು ನೋಡಿದ್ದೀರಿ. ಬುಡಕೊಳೆ ರೋಗ ತರುವ ಆ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಬಿ.ಎಂ. ಸ್ವಾಮಿ, ಶಶಿಕಲಾ ಇನಾಮದಾರ ಮತ್ತು ಅವರ ವಿದ್ಯಾರ್ಥಿಗಳು ಈ ಶಿಲೀಂಧ್ರದಿಂದ ಲೆಕ್ಟಿನ್ ಬೇರ್ಪಡಿಸಿ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. ಅದೂ ಟಿ-ಆ್ಯಂಟಿಜೆನ್ನನ್ನು ಹಿಡಿಯುತ್ತದೆ. 2007ರಲ್ಲಿ ಗ್ರೀಸ್ ದೇಶದ ಅಥೆನ್ಸಿನ ತಂಡದ ಜೊತೆ ಸೇರಿ ಅದರ ರಚನೆ ಪ್ರಕಟಿಸಿದರು. ಒಂದೊಂದು ತುಣುಕಿನಲ್ಲೂ ಸಕ್ಕರೆ ಹಿಡಿಯುವ ಎರಡು ತಾಣಗಳು, ಎರಡರ ಆಯ್ಕೆಯೂ ಬೇರೆ ಬೇರೆ. 2014ರಲ್ಲಿ ಅವರದೇ ಪ್ರಯೋಗದಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಇದು ಸಾಮಾನ್ಯ ಕೋಶಗಳಿಗಿಂತ ಹೆಚ್ಚು ತಡೆಯುವುದು ಕಂಡಿತು. ಗಾಜಿನ ತಟ್ಟೆಯಲ್ಲಿ ಎಂಬ ಮಾತನ್ನು ಪತ್ರಿಕೆಯ ತಲೆಬರಹ ಬರೆಯುವವರು ನುಂಗಿಬಿಡುತ್ತಾರೆ. ನಾವು ನುಂಗಬಾರದು.

ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ಆಯಿತು. ಹೊಲದಲ್ಲಿ ರೋಗ ತರುವುದನ್ನು ಹಿಡಿದು ತಂದು ಮನುಷ್ಯನ ರೋಗದ ಬಗ್ಗೆ ಪ್ರಶ್ನೆ ಕೇಳಿದರು. ನನಗೆ ಇಡೀ ಕತೆಯಲ್ಲಿ ಹೆಚ್ಚು ಹೆಮ್ಮೆಯ ಭಾಗ ಇದು.

ಬಾಳೆಗೆ ಬರುತ್ತೇನೆ. 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಬಾಳೆಹಣ್ಣಿನ ತಿರುಳಿನಿಂದ ಮ್ಯಾನೋಸ್ ಹಿಡಿಯುವ ಲೆಕ್ಟಿನ್ ಬೇರ್ಪಡಿಸಿದರು. ಹಣ್ಣು ಮಾಗಿದಂತೆ ತಿರುಳಿನಲ್ಲಿ ಇದು ಹೆಚ್ಚುತ್ತದೆ ಎಂದು ಆಮೇಲೆ ಗೊತ್ತಾಯಿತು. ಹದಿನೈದು ವರ್ಷಗಳ ನಂತರ, 2005ರಲ್ಲಿ, ಬೆಂಗಳೂರಿನಲ್ಲಿ ವಿಜಯನ್ ತಂಡ ಅದರ ರಚನೆ ಬಿಡಿಸಿತು. ಅದೇ ವರ್ಷ ಬೇರೊಂದು ತಂಡವೂ ಬಿಡಿಸಿತು, ವಿಜ್ಞಾನದಲ್ಲಿ ಇದು ಮಾಮೂಲು.

ಬಿಡಿಸುವುದು ಎಂದರೇನು ಎಂದು ಎರಡು ಮಾತು. ಪ್ರೋಟೀನನ್ನು ಶುದ್ಧ ಮಾಡಬೇಕು. ಆಮೇಲೆ ಅದು ಹರಳುಗಟ್ಟುವಂತೆ ಮಾಡಬೇಕು, ಇದೇ ಹಟದ ಕೆಲಸ, ಎಷ್ಟೋ ಪ್ರೋಟೀನುಗಳು ಹರಳಾಗುವುದೇ ಇಲ್ಲ. ಹರಳಾದರೆ ಅದರ ಮೇಲೆ ಎಕ್ಸ್-ರೇ ಹಾಯಿಸಿ, ಕಿರಣಗಳು ಚದುರಿ ಬಿದ್ದ ಚುಕ್ಕೆಗಳ ಸ್ಥಾನ, ತೀವ್ರತೆ ಅಳೆದು, ಲೆಕ್ಕ ಮಾಡಿ ಒಂದೊಂದು ಪರಮಾಣು ಎಲ್ಲಿದೆ ಎಂದು ಹೇಳಬೇಕು. ವಿಜಯನ್ ಈ ವಿದ್ಯೆ ಕಲಿತದ್ದು ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಕಿನ್ ಅವರಲ್ಲಿ. 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸಿದ ತಂಡದಲ್ಲಿ ಅವರಿದ್ದರು. 1971ರಲ್ಲಿ ಬೆಂಗಳೂರಿಗೆ ಬಂದರು. ಆಗ ಇಲ್ಲಿ ಪ್ರೋಟೀನು ಕೆಲಸಕ್ಕೆ ಬೇಕಾದ ಉಪಕರಣವಿರಲಿಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ಬಂದು ಕೆಲಸ ನೆಲೆ ಕಂಡದ್ದು ಎಂಬತ್ತರ ದಶಕದಲ್ಲಿ. ಅಷ್ಟು ವರ್ಷ ಕಾದು, ಆಮೇಲೆ ಶೇಂಗಾ, ಹಲಸು, ಬಾಳೆ ಎಂದು ನಮ್ಮ ಮನೆಯ ಪದಾರ್ಥಗಳನ್ನೇ ಹಿಡಿದು ಕೂತರು. 2022ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಲೋಕ. ಕ್ಷಯದ ರೋಗಾಣುವಿನ ಪ್ರೋಟೀನುಗಳ ಮೇಲೂ ಅವರ ತಂಡ ಬಹಳ ಕೆಲಸ ಮಾಡಿತು.

ಹಲಸಿನ ಬೀಜದ ಲೆಕ್ಟಿನ್ ಜಕಲಿನ್. ಅದರ ರಚನೆಯನ್ನೂ ಇದೇ ತಂಡ 1996ರಲ್ಲಿ ಬಿಡಿಸಿತ್ತು. ಬಾಳೆಯ ಲೆಕ್ಟಿನ್ನೂ ಜಕಲಿನ್ನೂ ಒಂದೇ ಮಡಿಕೆಯವು. ಆದರೆ ಜಕಲಿನ್ ಹಿಡಿಯುವುದು ಗ್ಯಾಲಕ್ಟೋಸ್, ಬಾಳೆಯದು ಮ್ಯಾನೋಸ್. ವ್ಯತ್ಯಾಸ ಎಲ್ಲಿ? ಹಲಸಿನಲ್ಲಿ ಸರಪಳಿ ತಯಾರಾದ ಮೇಲೆ ಒಂದು ಕಡೆ ಕತ್ತರಿಸಲ್ಪಡುತ್ತದೆ, ಆ ಕತ್ತರಿಸಿದ ತುದಿಯೇ ಗ್ಯಾಲಕ್ಟೋಸನ್ನು ಹಿಡಿಯಲು ನೆರವಾಗುತ್ತದೆ. ಬಾಳೆಯಲ್ಲಿ ಆ ಕತ್ತರಿ ಇಲ್ಲ. ಅದಕ್ಕೆ ಬದಲು ಒಂದೊಂದು ತುಣುಕಿನಲ್ಲಿ ಸಕ್ಕರೆ ಹಿಡಿಯಲು ಒಂದಲ್ಲ, ಎರಡು ತಾಣಗಳಿವೆ.

ಏಡ್ಸ್ ತರುವ ಎಚ್‌ಐವಿ ವೈರಸ್ಸಿನ ಹೊರಮೈ ಪ್ರೋಟೀನು ಮ್ಯಾನೋಸ್ ಸಕ್ಕರೆಯಿಂದ ದಟ್ಟವಾಗಿ ಮುಚ್ಚಿಕೊಂಡಿದೆ. ನಮ್ಮ ರೋಗನಿರೋಧಕ ಶಕ್ತಿಗೆ ಅದನ್ನು ಹಿಡಿಯಲು ಆಗದಿರುವುದಕ್ಕೆ ಆ ಮುಸುಕೂ ಒಂದು ಕಾರಣ. ಬಾಳೆಯ ಲೆಕ್ಟಿನ್ ಹೋಗಿ ಆ ಮುಸುಕನ್ನೇ ಹಿಡಿದುಕೊಂಡುಬಿಡುತ್ತದೆ. 2010ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಫೋನಿನ ಸುದ್ದಿಗೆ ಆಧಾರವಾದ ನಿಜ ಇಷ್ಟೇ. ಅದರಾಚೆಗಿನದು ಸುದ್ದಿಯಲ್ಲಿ ಬರುವುದಿಲ್ಲ: ಇದೇ ಲೆಕ್ಟಿನ್ ನಮ್ಮ ಬಿಳಿ ರಕ್ತಕಣಗಳ ಮೈಮೇಲಿನ ಸಕ್ಕರೆಯನ್ನೂ ಹಿಡಿದು, ಅವುಗಳನ್ನು ಕೆರಳಿಸಿ, ಬೇಡದಿದ್ದರೂ ವಿಭಜನೆಯಾಗುವಂತೆ ಮಾಡುತ್ತದೆ. ಇದನ್ನು ಚುಚ್ಚುಮದ್ದಾಗಿ ಕೊಟ್ಟರೆ ರೋಗಿಗೆ ಉರಿಯೂತ ಬರಬಹುದು. ಆ ಕಾರಣಕ್ಕೆ ಔಷಧವಾಗಲು ಅದು ಅನರ್ಹ.

ಇಲ್ಲಿ ರಚನೆ ಕೆಲಸಕ್ಕೆ ಬಂತು. ಸಕ್ಕರೆ ಹಿಡಿಯುವ ತಾಣಗಳ ಹತ್ತಿರ, 84ನೇ ಸ್ಥಾನದಲ್ಲಿ ಒಂದು ಹಿಸ್ಟಿಡೀನ್ ಇದೆ. ಅದರ ಉಂಗುರವೂ ಪಕ್ಕದ ಟೈರೋಸಿನ್ನಿನ ಉಂಗುರವೂ ಒಂದರ ಮೇಲೊಂದು ಒರಗಿ ನಿಂತಿವೆ. ಆ ಒರಗುವಿಕೆಯನ್ನು ತಪ್ಪಿಸಿದರೆ ಏನಾದೀತು ಎಂದು ಮಿಷಿಗನ್ನಿನ ಡೇವಿಡ್ ಮಾರ್ಕೊವಿಟ್ಜ್ ಮತ್ತು ಬೇರೆ ದೇಶಗಳ ಸಹೋದ್ಯೋಗಿಗಳು ಯೋಚಿಸಿದರು. ಹಿಸ್ಟಿಡೀನ್ ತೆಗೆದು ಥ್ರಿಯೊನಿನ್ ಇಟ್ಟರು. ಪ್ರತಿ ತುಣುಕಿನ 141 ಅಮೈನೋ ಆಮ್ಲಗಳಲ್ಲಿ ಬದಲಾದದ್ದು ಒಂದೇ ಒಂದು. ಬಿಳಿ ರಕ್ತಕಣವನ್ನು ಕೆರಳಿಸುವ ಗುಣ ಬಹುತೇಕ ಅಡಗಿತು, ವೈರಸ್ಸನ್ನು ಹಿಡಿಯುವ ಗುಣ ಉಳಿಯಿತು. 2015ರಲ್ಲಿ ಅದು ಪ್ರಕಟವಾಯಿತು. ಎಚ್‌ಐವಿ ಮಾತ್ರವಲ್ಲ, ಹೆಪಟೈಟಿಸ್ ಸಿ, ಇನ್‌ಫ್ಲುಯೆಂಜಾ ವೈರಸ್ಸುಗಳ ಮೇಲೂ ಅದು ಕೆಲಸ ಮಾಡಿತು. ಕೋವಿಡ್ ಬಂದ ಮೇಲೆ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕೊರೋನಾ ವೈರಸ್ಸುಗಳನ್ನೂ ತಡೆಯಿತು ಎಂಬ ವರದಿ 2022ರಲ್ಲಿ ಬಂತು.

ಹಿಮೋಗ್ಲೋಬಿನ್ನಿನಲ್ಲಿ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ರೋಗ. ಇಲ್ಲಿ ಒಂದನ್ನು ಬೇಕೆಂದೇ ಬದಲಿಸಿ ಕೇಡನ್ನು ತೆಗೆದರು. ಎಲ್ಲಿ ಕೈ ಹಾಕಬೇಕು ಎಂದು ಆಕಾರ ಗೊತ್ತಿಲ್ಲದವರಿಗೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಹಣ್ಣನ್ನು ಎಷ್ಟು ತಿಂದರೂ ಉತ್ತರ ಸಿಗುವುದಿಲ್ಲ. ಕೆಂಪು ಬಾಳೆ ತಿಂದರೆ ಎಚ್‌ಐವಿ ಹೋಗುವುದಿಲ್ಲ. ಎಚ್‌ಐವಿ ಇರುವವರು ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಬದಲಿಸಿದ ಬಾಳೆ ಲೆಕ್ಟಿನ್ ಕೂಡ ಮನುಷ್ಯರಿಗೆ ಕೊಡುವ ಔಷಧವಾಗಿ ಇನ್ನೂ ಬಂದಿಲ್ಲ.

ಔಷಧವಾಗಿ ಬಂದು, ಆಮೇಲೆ ಪ್ರೋಟೀನಿನ ಬದಲಾವಣೆಯಿಂದಲೇ ಸೋಲುವ ಮದ್ದುಗಳೂ ಇವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ರೋಗಾಣುವಿನ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ ಒಂದು ತಗ್ಗಿನಲ್ಲಿ ಕುಳಿತು ಅದರ ದಾರಿ ಕಟ್ಟುತ್ತದೆ. ಆ ತಗ್ಗಿನ ಗೋಡೆಯಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಮಾತ್ರೆ ಕೂರಲು ಜಾಗವಿಲ್ಲ, ಕ್ಷಯ ಮದ್ದಿಗೆ ಬಗ್ಗದು. ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಿನವುಗಳ ಬದಲಾವಣೆ ಜೀನಿನ 81 ಅಕ್ಷರಗಳ ಒಂದೇ ತುಂಡಿನಲ್ಲಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಕೊಟ್ಟಾಗ ಮಾಡುವ ಸಿಬಿನ್ಯಾಟ್ ಪರೀಕ್ಷೆ ಎರಡು ತಾಸಿನಲ್ಲಿ ಓದುವುದು ಆ ತುಂಡನ್ನೇ. ಮದ್ದನ್ನು ನಡುವೆ ಬಿಟ್ಟವರ ಮೈಯಲ್ಲಿ ಇಂಥ ಬದಲಾದ ರೋಗಾಣು ಮೇಲುಗೈ ಪಡೆಯುತ್ತದೆ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ‘ಮಾತ್ರೆ ನುಂಗಿದಿರಾ’ ಎಂದು ಕೇಳಿದರೆ ಬೇಸರಪಡಬೇಡಿ.

ಈಗ ಹರಳು ಬೆಳೆಸುವ ಕಷ್ಟವಿಲ್ಲದೆ ಕಂಪ್ಯೂಟರೇ ರಚನೆ ಹೇಳುತ್ತದೆ. ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ರಚನೆ ಊಹಿಸಿ ಎಲ್ಲರಿಗೂ ಬಿಟ್ಟಿದೆ, 2024ರ ರಸಾಯನಶಾಸ್ತ್ರ ನೊಬೆಲ್ ಅದನ್ನು ಕಟ್ಟಿದವರಿಗೂ ಹೊಸ ಪ್ರೋಟೀನು ವಿನ್ಯಾಸ ಮಾಡಿದವರಿಗೂ ಹೋಯಿತು. ಆದರೆ ಯಂತ್ರ ಕಲಿತದ್ದು ಐವತ್ತು ವರ್ಷ ಹರಳು ಬೆಳೆಸಿದವರ ಲೆಕ್ಕಪತ್ರದಿಂದ. 1971ರಲ್ಲಿ ಏಳು ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಬೆಂಗಳೂರಿನ ಬಾಳೆಯೂ ಶೇಂಗಾವೂ ಅಲ್ಲಿವೆ, ಯಾರು ಬೇಕಾದರೂ ದುಡ್ಡು ಕೊಡದೆ ಫೋನಿನಲ್ಲೇ ತಿರುಗಿಸಿ ನೋಡಬಹುದು.

ಕೊನೆಗೆ ಒಂದು ಬೇಡಿಕೆ. ಬೆಂಗಳೂರಿನಲ್ಲಿ ಬಿಡಿಸಿದ್ದು ಕಮಲಾಪುರದ ಹಣ್ಣಿನ ಲೆಕ್ಟಿನ್ ಅಲ್ಲ. ನಮ್ಮ ಕೆಂಪು ಬಾಳೆಗೂ ಜಿಐ ಮಾನ್ಯತೆ ಇದೆ, ನೆಟ್ಟು ವರ್ಷ ದಾಟಿದ ಮೇಲೆಯೇ ಗೊನೆ ಕೊಡುವ ತಳಿ, ಹುಮನಾಬಾದ್ ರಸ್ತೆಯಲ್ಲಿ ನಿಲ್ಲಿಸಿ ಕೊಳ್ಳದವರಿಲ್ಲ. ಅದರ ತಿರುಳಿನ ಲೆಕ್ಟಿನ್ ಎಷ್ಟಿದೆ, ಮಾಗಿದಂತೆ ಎಷ್ಟು ಏರುತ್ತದೆ, 84ನೇ ಸ್ಥಾನದಲ್ಲಿ ಏನಿದೆ ಎಂದು ನೋಡುವುದಕ್ಕೆ ಕೋಟಿ ರೂಪಾಯಿ ಯಂತ್ರ ಬೇಕಿಲ್ಲ. ತಿರುಳನ್ನು ಅರೆದು, ಉಪ್ಪಿನ ದ್ರಾವಣದಲ್ಲಿ ಕದಡಿ ಸೋಸಿ, ಸೆಫಡೆಕ್ಸ್ ಎಂಬ ಸಕ್ಕರೆ ಸರಪಳಿಯ ಮಣಿಗಳನ್ನು ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದರೆ ಬಾಳೆಯ ಲೆಕ್ಟಿನ್ ಅದಕ್ಕೇ ಅಂಟಿಕೊಂಡು ಉಳಿಯುತ್ತದೆ. ಮ್ಯಾನೋಸ್ ದ್ರಾವಣ ಹಾಕಿ ಬಿಡಿಸಿಕೊಳ್ಳಬಹುದು. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮೊಲದ ರಕ್ತಕಣ ಸಾಕು, ಗಂಟುಗಟ್ಟಿದರೆ ಇದೆ ಎಂದರ್ಥ. ಅನುಮತಿ ಪಡೆದು ರಕ್ತ ತರಲು ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಜೀನಿನ ಅಕ್ಷರ ಓದಿಸುವ ಖರ್ಚು ಈಗ ಒಂದು ವಿದ್ಯಾರ್ಥಿ ಪ್ರಾಜೆಕ್ಟಿನ ಅಳತೆಯೊಳಗೇ ಬರುತ್ತದೆ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಊರಿನ ಪದವಿ ಕಾಲೇಜುಗಳಲ್ಲಿ ಜೀವರಸಾಯನ, ಜೈವಿಕ ತಂತ್ರಜ್ಞಾನ ಕಲಿಸುವವರು ಈ ಸಭೆಯಲ್ಲಿದ್ದೀರಿ. ಬರುವ ವರ್ಷದ ಎಂ.ಎಸ್ಸಿ. ಪ್ರಾಜೆಕ್ಟುಗಳ ಪಟ್ಟಿಯಲ್ಲಿ ಇದೊಂದನ್ನು ಸೇರಿಸಿ, ಬಂದ ಫಲಿತಾಂಶವನ್ನು, ಚೆನ್ನಾಗಿರಲಿ ಇಲ್ಲದಿರಲಿ, ಕನ್ನಡದಲ್ಲಿ ಬರೆದು ಕಮಲಾಪುರದ ರೈತರಿಗೆ ಓದಿ ಹೇಳಿ. ಕಮಲಾಪುರದವರು ಹಣ್ಣು ಕೊಡಬೇಕು. ನೀವು ಕೇಳಿದರೆ ಕೊಡುತ್ತಾರೆ ಎಂಬ ನಂಬಿಕೆ ನನಗಿದೆ.